ಹಂದಿಯ ಕೋರೆ, ನಾಯಿಯ ಪಕ್ಕೆ

ಕಾಡುಹಂದಿ ಇರಿದ ನಾಯಿಯ ಗಾಯ ಮೇಲುನೋಟಕ್ಕೆ ಸಣ್ಣದು. ಎರಡು ಬೆರಳಗಲದ ಸೀಳು, ಅಂಚಿನಲ್ಲಿ ಒಣಗಿದ ರಕ್ತ. ತಂದವರು ಎರಡು ಹೊಲಿಗೆ ಹಾಕಿ ಕಳಿಸಿಬಿಡಿ ಅನ್ನುತ್ತಾರೆ. ಕೈಗವಸು ತೊಟ್ಟು ಆ ಸೀಳಿನೊಳಗೆ ಬೆರಳು ಬಿಟ್ಟರೆ ಬೆರಳು ಪೂರ್ತಿ ಇಳಿದು ಎಡಕ್ಕೂ ಬಲಕ್ಕೂ ಸಲೀಸಾಗಿ ಆಡುತ್ತದೆ. ಚರ್ಮ ಮಾಂಸದಿಂದ ಬಿಟ್ಟುಕೊಂಡು ಒಳಗೆ ಒಂದು ಚೀಲವೇ ಆಗಿರುತ್ತದೆ. ಆ ಚೀಲದಲ್ಲಿ ನಾಯಿಯದೇ ಕೂದಲು, ಕೆಸರು, ಕಬ್ಬಿನ ರವದಿಯ ಚೂರು. ಮೇಲಿನ ಬಾಯಿ ಹೊಲಿದು ಕಳಿಸಿದರೆ ನಾಲ್ಕೇ ದಿನಕ್ಕೆ ಒಳಗೆಲ್ಲ ಕೀವು.

ನಾನು ಬಾಗಲಕೋಟೆ ಕಡೆಯವನು. ಪಶುವೈದ್ಯನಾಗಿ ಪುಣೆ ಜಿಲ್ಲೆಯ ಪೂರ್ವಭಾಗದಲ್ಲಿ, ಸಾಸವಡ, ಜೆಜುರಿ, ಬಾರಾಮತಿ ಸುತ್ತಿನ ಹಳ್ಳಿಗಳಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಿನದ ಕೆಲಸವೆಲ್ಲ ಎಮ್ಮೆ, ಆಕಳು, ಮೇಕೆಯದು. ಕಬ್ಬು ಕಡಿಯುವ ಕಾಲ ಬಂತೆಂದರೆ ಹರಿದುಕೊಂಡ ನಾಯಿಗಳೂ ಬರತೊಡಗುತ್ತವೆ. ಬೇಟೆ ಎಂದು ಯಾರೂ ಬಾಯಿಬಿಡುವುದಿಲ್ಲ. ಮರಾಠಿಯಲ್ಲಾದರೆ "ತಾರ್ ಲಾಗಲಿ", ಗಡಿಯಾಚೆಯ ನಮ್ಮವರಾದರೆ "ತಂತಿ ತಾಗೇತ್ರಿ".

ಮುಳ್ಳುತಂತಿಯ ಗಾಯ ಉದ್ದಕ್ಕೆ ಹರಿದಿರುತ್ತದೆ, ಆಳ ಇರುವುದಿಲ್ಲ. ಕೋರೆಯದು ಕೆಳಗಿನಿಂದ ಮೇಲಕ್ಕೆ ಎದ್ದಿರುತ್ತದೆ. ಗಂಡುಹಂದಿಯ ಕೆಳದವಡೆಯ ಕೋರೆ ಮೇಲಿನದಕ್ಕೆ ಸದಾ ಉಜ್ಜಿಕೊಂಡು ತಾನಾಗಿಯೇ ಹರಿತವಾಗುತ್ತಿರುತ್ತದೆ. ಹಂದಿ ತಲೆ ತಗ್ಗಿಸಿ ನುಗ್ಗಿ, ಕತ್ತನ್ನು ಒಮ್ಮೆಲೇ ಮೇಲಕ್ಕೆ ಎಸೆಯುತ್ತದೆ. ಹಾಗಾಗಿ ಏಟು ಬೀಳುವುದು ನಾಯಿಯ ತೊಡೆಯ ಒಳಮಗ್ಗುಲು, ಹೊಟ್ಟೆ, ಪಕ್ಕೆಯ ಕೆಳಭಾಗ, ಗಂಟಲಿಗೆ. ನಾಯಿಯ ಹಲ್ಲಿಗೋ ಹಂದಿಯ ಭುಜ ಬಗ್ಗುವುದಿಲ್ಲ. ಬಲಿತ ಗಂಡಿಗೆ ಅಲ್ಲಿ ಚರ್ಮ ಗುರಾಣಿಯಷ್ಟು ದಪ್ಪಗಿರುತ್ತದೆ. ನೂರು ಕಿಲೋಗೆ ಹತ್ತಿರದ ಪ್ರಾಣಿ ಒಂದು ಕಡೆ, ಇಪ್ಪತ್ತೈದು ಕಿಲೋದ ನಾಯಿ ಇನ್ನೊಂದು ಕಡೆ.

ಒಂದು ಸಂಜೆ ಜತ್ತ ಕಡೆಯಿಂದ ಕಬ್ಬು ಕಡಿಯಲು ಬಂದಿದ್ದ ಹಿರಿಯರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ, ಗೊಬ್ಬರದ ಚೀಲದೊಳಗೆ, ಒಂದು ಹೆಣ್ಣುನಾಯಿಯನ್ನು ತಂದರು. ಕಂದುಮೈಯ ಕಾರವಾನಿ, ನಮ್ಮ ಮುಧೋಳ ನಾಯಿಯದೇ ಕುಲ. ಹೊಟ್ಟೆಗೆ ಒದ್ದೆ ಧೋತರದ ತುಂಡು ಬಿಗಿಯಾಗಿ ಸುತ್ತಿದ್ದರು.

"ತಂತಿ ತಾಗೇತ್ರಿ ಸಾಹೇಬ್ರ."

"ಗಂಡೋ ಹೆಣ್ಣೋ ಅಜ್ಜಾ, ಹಂದಿ?"

ಅವರು ನೆಲ ನೋಡಿದರು. "ಗಂಡಿತ್ರಿ."

ಬಟ್ಟೆ ಬಿಚ್ಚಿದರೆ ಕರುಳಿನ ಒಂದು ಸುರುಳಿ ಹೊರಗಿತ್ತು. ಒಣಗಿರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ. ಒಳಗೆ ತುರುಕಲು ಯಾಕೆ ಹೋಗಲಿಲ್ಲ ಎಂದು ಕೇಳಿದೆ. "ಕುರಿ ಈಯುವಾಗ ಗರ್ಭ ಹೊರಗ ಬಿದ್ರ ಹಸಿ ಬಟ್ಟಿ ಸುತ್ತತೇವಲ್ರಿ, ಅದನ್ನ ಮಾಡೀನಿ" ಅಂದರು. ಆ ಕುರುಬರ ತಿಳಿವಳಿಕೆಯೇ ನಾಯಿಯನ್ನು ನನ್ನ ಮೇಜಿನವರೆಗೆ ಜೀವಂತ ತಂದದ್ದು. ಬೆಚ್ಚಗಿನ ಸಲೈನಿನಲ್ಲಿ ಕರುಳು ತೊಳೆದು, ಉದ್ದಕ್ಕೂ ಬೆರಳಾಡಿಸಿ ನೋಡಿದಾಗ ಒಂದು ಕಡೆ ತೂತು ಸಿಕ್ಕಿತು. ಅದನ್ನು ಹೊಲಿದು, ಹೊಟ್ಟೆ ಮುಚ್ಚಿ, ತೊಡೆಯ ಗಾಯಕ್ಕೆ ಮಾತ್ರ ರಬ್ಬರ್ ನಳಿಕೆ ಇಟ್ಟು ಅರ್ಧ ತೆರೆದೇ ಬಿಟ್ಟೆ.

ಈ ಜಾತಿಗೆ ಅರಿವಳಿಕೆ ಕೊಡುವಾಗ ಕೈ ಹಿಡಿತದಲ್ಲಿರಬೇಕು. ಮೈಯಲ್ಲಿ ಕೊಬ್ಬೇ ಇಲ್ಲದ, ಓಟಕ್ಕೆಂದೇ ಬೆಳೆಸಿದ ನಾಯಿಗಳು ಇವು. ಥಯೋಪೆಂಟೋನ್‌ನಂಥ ಔಷಧ ಬೇರೆ ನಾಯಿಗಳಲ್ಲಿ ಬೇಗ ಇಳಿದರೆ ಇವುಗಳಲ್ಲಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಚರ್ಮ ತೆಳು, ಮೈ ಬೇಗ ತಣ್ಣಗಾಗುತ್ತದೆ. ಆ ರಾತ್ರಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಅದರ ಎರಡೂ ಪಕ್ಕಕ್ಕಿಟ್ಟು ಅಜ್ಜನೂ ನಾನೂ ಕೂತಿದ್ದೆವು. ಆಗ ಮೆಲ್ಲಗೆ ಇನ್ನೊಂದು ಮಾತು ಹೊರಬಂತು. ಜೊತೆಗೆ ಊರುನಾಯಿ ಒಂದಿತ್ತಂತೆ. ವಾಸನೆ ಹಿಡಿದು ಕಬ್ಬಿನೊಳಗೆ ಹೋಗಿ, ಹಂದಿಯನ್ನು ಅಡ್ಡಗಟ್ಟಿ ಬೊಗಳುತ್ತ ನಿಂತದ್ದು ಅದೇ. ಅದಕ್ಕೆ ಏಟು ಎದೆಗೆ ಬಿದ್ದಿತ್ತು. ಉಸಿರೆಳೆದಾಗೊಮ್ಮೆ ಗಾಯದಿಂದ ಸುಸ್ಸೆಂದು ಗಾಳಿ ಒಳಹೋಗುವ ಸದ್ದು ಬರುತ್ತಿತ್ತು ಎಂದರು. ಆ ನಾಯಿಯನ್ನು ಬದುವಿನ ಮೇಲೆಯೇ ಬಿಟ್ಟು ಬಂದಿದ್ದರು. ಹೆಸರೇನು ಎಂದೆ. ಹೆಸರಿಟ್ಟಿರಲಿಲ್ಲ.

ಕಾರವಾನಿ ಬದುಕಿತು. ಹೆಸರಿಲ್ಲದ ಆ ನಾಯಿ ಮಾತ್ರ ನನ್ನ ತಲೆಯಿಂದ ಹೋಗಲೇ ಇಲ್ಲ, ಯಾಕೆಂದರೆ ಇದೇ ಹಂದಿಬೇಟೆಯಲ್ಲಿ ಸತ್ತ ಒಂದು ನಾಯಿಯ ಹೆಸರು ನಮ್ಮ ಭಾಷೆಯಲ್ಲಿ ಸಾವಿರ ವರ್ಷದಿಂದ ಉಳಿದಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಯೋಧ ಮಣಲೇರ ತೋರಿದ ಶೌರ್ಯಕ್ಕೆ ಮೆಚ್ಚಿ ಗಂಗರ ದೊರೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದ ಹತ್ತಿರ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಊರ ದೇವಾಲಯದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿಗೆ ಎದುರುಬದುರಾಗಿ ಸೆಣಸುತ್ತಿರುವ ಚಿತ್ರವಿದೆ. ಅದರ ಮುಂದೆ ನಿಂತಾಗ ನನಗೆ ಕಂಡದ್ದು ವೈದ್ಯನ ಕಣ್ಣಿಗೆ ಕಾಣುವುದೇ: ಅಷ್ಟು ಹತ್ತಿರಕ್ಕೆ ಹೋದ ನಾಯಿ ಉಳಿಯುವುದಿಲ್ಲ. ಅದನ್ನು ಬಿಟ್ಟವರಿಗೂ ಅದು ಗೊತ್ತಿತ್ತು, ನಾಯಿಯ ಋಣ ತಮ್ಮ ಮೇಲಿದೆ ಎಂದು ಒಪ್ಪಿಕೊಂಡಿದ್ದರು.

ಪುಣೆಯ ಕಡೆಗೂ ನಾಯಿಯ ಮೇಲಿನ ಭಕ್ತಿಗೆ ಕೊರತೆಯಿಲ್ಲ. ಜೆಜುರಿಯ ಖಂಡೋಬ ನಮ್ಮ ಮೈಲಾರಲಿಂಗನೇ. ಅವನ ಪಟದಲ್ಲಿ ಕುದುರೆಯ ಜೊತೆಗೆ ನಾಯಿ ಇದ್ದೇ ಇರುತ್ತದೆ. ನಮ್ಮಲ್ಲಿ ಗೊರವಯ್ಯಗಳು ನಾಯಿಯಂತೆ ಬೊಗಳುತ್ತ ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುವ ಸೇವೆ ಇವತ್ತಿಗೂ ನಡೆಯುತ್ತದೆ. ಭಂಡಾರ ಹಚ್ಚಿಕೊಂಡು "ಯೇಳ್ಕೋಟ್" ಎಂದು ಕೂಗಿ ಬಂದವರೇ ಮರುದಿನ ಹರಿದ ನಾಯಿಯನ್ನು ತಂದಾಗ ನಾನು ಆ ದೇವರ ಹೆಸರು ಎತ್ತುತ್ತೇನೆ. ಕಾನೂನಿಗಿಂತ ಆ ಮಾತು ಬೇಗ ನಾಟುತ್ತದೆ.

ಕಾನೂನನ್ನೂ ಹೇಳದೆ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಂದರಷ್ಟೇ ಬೇಟೆ ಎನ್ನುವುದಿಲ್ಲ. ಹಿಡಿಯುವುದು, ಅದಕ್ಕಾಗಿ ಸೋವು ಹೊಡೆದು ಓಡಿಸುವುದು, ಅದಕ್ಕೆ ಪ್ರಯತ್ನ ಪಡುವುದು ಕೂಡ ಬೇಟೆಯೇ. ನಾಯಿ ತಾನಾಗಿ ಓಡಿತು ಎಂಬ ಸಬೂಬು ಸಿಳ್ಳೆ ಹೊಡೆದವನನ್ನು ಕಾಯುವುದಿಲ್ಲ. ಬೆಳೆ ಹಾಳುಮಾಡುವ ಹಂದಿಯ ಬಗ್ಗೆ ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಇದೆ. ಅರ್ಜಿ, ಪಂಚನಾಮೆ ಎಲ್ಲ ಆ ದಾರಿಯಲ್ಲೇ ಹೋಗಬೇಕು. ರೈತರ ಸಂಕಟ ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಶೇಂಗಾದ ಹೊಲವನ್ನು ನೇಗಿಲು ಹೊಡೆದಂತೆ ಉತ್ತು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಆ ಸಿಟ್ಟಿಗೆ ನಾಯಿಯ ಹೊಟ್ಟೆ ತೆರಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಮುಧೋಳ ನಾಯಿ ಹಂದಿಗೆಂದು ಹುಟ್ಟಿದ್ದೇ ಅಲ್ಲ ಎಂಬುದು ನನಗೆ ನಿಧಾನವಾಗಿ ಮನದಟ್ಟಾಯಿತು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ಮೊಲವನ್ನೋ ಚಿಂಕಾರವನ್ನೋ ದೂರದಿಂದ ಕಂಡು, ಕಣ್ಣು ಕೀಳದೆ ಓಡಿ ಹಿಡಿಯುವುದಕ್ಕೆ ಆ ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇವುಗಳನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಬಂತು, ಮೀರತ್ತಿನಲ್ಲಿ ಸೈನ್ಯವೂ ತರಬೇತಿ ಕೊಟ್ಟಿತು. ಹೆಮ್ಮೆಪಡಲು ಇಷ್ಟೆಲ್ಲ ಇದೆ.

ಆದರೆ ಅದು ಓಡಬೇಕಾದ ನೆಲವೇ ಬದಲಾಗಿದೆ. ಪುಣೆಯ ಪೂರ್ವದ ತಾಲೂಕುಗಳು ಹಿಂದೆ ಬರಗಾಲದ ಹುಲ್ಲುಬಯಲು. ನೀರಾ ಕಾಲುವೆ, ಉಜನಿಯ ಹಿನ್ನೀರು ಬಂದ ಮೇಲೆ ಕಬ್ಬು ಹಬ್ಬಿತು. ಕಬ್ಬು ಹಂದಿಗೆ ಅನ್ನವೂ ಹೌದು, ಮನೆಯೂ ಹೌದು. ಆಳೆತ್ತರದ ಆ ಬೆಳೆಯೊಳಗೆ ಮೂರು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಕಣ್ಣನ್ನೇ ನಂಬಿದ ನಾಯಿಯನ್ನು ಅಲ್ಲಿಗೆ ಬಿಟ್ಟರೆ ಅದಕ್ಕೆ ಹಂದಿ ಸಿಗುವುದಿಲ್ಲ, ಹಂದಿಗೆ ಅದು ಸಿಗುತ್ತದೆ. ಜುನ್ನರ ಕಡೆ ಕಬ್ಬಿನಲ್ಲಿ ಚಿರತೆಗಳೇ ಮರಿ ಹಾಕುತ್ತವೆ. ನಾಯಿ ಅವುಗಳಿಗೆ ಬಲು ಇಷ್ಟದ ಊಟ.

ಉಳಿದಿರುವ ಬಯಲೂ ಈಗ ನಾಯಿ ಬಿಡುವ ಜಾಗವಲ್ಲ. ಬಾರಾಮತಿ ತಾಲೂಕಿನ ಸುಪೆಯಲ್ಲಿ ಚಿಂಕಾರಕ್ಕೆಂದೇ ಇರುವ ಮಯೂರೇಶ್ವರ ಅಭಯಾರಣ್ಯ ತೀರ ಚಿಕ್ಕದು, ಐದು ಚದರ ಕಿಲೋಮೀಟರಿನ ಆಸುಪಾಸು. ಬೆನ್ನಟ್ಟಿಸಿಕೊಂಡ ಚಿಂಕಾರ ಕೆಲವೇ ನಿಮಿಷಗಳಲ್ಲಿ ಬೇಲಿ ದಾಟಿ ರಸ್ತೆಗೆ ಬಂದುಬಿಡುತ್ತದೆ. ಸಾಸವಡದ ಸುತ್ತಿನ ತೋಳ, ನರಿಗಳಿಗೆ ನಮ್ಮ ನಾಯಿಗಳಿಂದ ಡಿಸ್ಟೆಂಪರ್ ರೋಗ ದಾಟುವ ಅಪಾಯವೂ ಇದೆ. 2018ರಲ್ಲಿ ಗಿರ್‌ನ ಸಿಂಹಗಳನ್ನು ಕೊಂದ ರೋಗ ಅದೇ. ಹಾಗಾಗಿ ಲಸಿಕೆ ಹಾಕಿಸದ ನಾಯಿ ಬಯಲಿಗೆ ಹೋಗಬಾರದು ಎಂಬುದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

"ಬ್ಯಾಟಿ ಬಿಡಿಸಿದ್ರ ಈ ನಾಯಿ ಯಾತಕ್ರಿ?" ಎಂದು ಆ ಅಜ್ಜನೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಓಟ ಸಿಗದ ಮುಧೋಳ ನಾಯಿ ಮೈಯನ್ನೂ ಮನಸ್ಸನ್ನೂ ಕೆಡಿಸಿಕೊಳ್ಳುತ್ತದೆ. ಪುಣೆಯ ಫ್ಲ್ಯಾಟುಗಳಲ್ಲಿ ಇವುಗಳನ್ನು ತಂದು ಕಟ್ಟಿಹಾಕಿದವರಿಗೂ ಈ ಮಾತು ಸಲ್ಲುತ್ತದೆ. ಕಟಾವಾದ ಹೊಲದಲ್ಲಿ ಉದ್ದ ಹಗ್ಗಕ್ಕೆ ಗೋಣಿ ಕಟ್ಟಿ ಎಳೆದು ಅದರ ಹಿಂದೆ ಓಡಿಸಿ ಎನ್ನುತ್ತೇನೆ. ಬೆಳಗಿನ ತಂಪಿನಲ್ಲಿ, ಚಿಕ್ಕ ಓಟಗಳಾಗಿ, ನಡುನಡುವೆ ನೀರು ಕೊಟ್ಟು. ಬೇಸಿಗೆಯ ಮಧ್ಯಾಹ್ನ ಓಡಿಸಿದರೆ ಮೈಕಾವು 41 ಡಿಗ್ರಿ ದಾಟಿ ಹಂದಿಯಿಲ್ಲದೆಯೇ ಸಾಯಬಹುದು. ಹೊಲ ಕಾಯುವುದಕ್ಕೆ ಊರುನಾಯಿಯೇ ಸರಿ. ಅದು ಗುಡಿಸಲಿನ ಹತ್ತಿರವಿದ್ದು ಬೊಗಳಲಿ, ದೀಪ ಹಿಡಿದು ಗದ್ದಲ ಮಾಡುವುದು ಮನುಷ್ಯರ ಕೆಲಸ. ಅದಕ್ಕೊಂದು ಹೆಸರಿಡಿ ಎಂದೂ ಹೇಳುತ್ತೇನೆ. ಹೆಸರಿಟ್ಟ ನಾಯಿಯನ್ನು ಬದುವಿನ ಮೇಲೆ ಬಿಟ್ಟು ಬಂದವರನ್ನು ನಾನು ಈವರೆಗೆ ಕಂಡಿಲ್ಲ.

ಇಷ್ಟಾದರೂ ಗದ್ದೆಬದಿಯ ನಾಯಿಗೆ ಹಂದಿ ಎದುರಾಗುವುದುಂಟು. ಆಗ ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ, ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ತನ್ನಿ. ಎದೆಯ ಗಾಯದಲ್ಲಿ ಗಾಳಿಯ ಸದ್ದು ಕೇಳಿದರೆ ಶುಭ್ರವಾದ ಪ್ಲಾಸ್ಟಿಕ್ ಹಾಳೆಯಿಂದ ಆ ಬಾಯಿ ಮುಚ್ಚಿ, ಒತ್ತಿ ಹಿಡಿದು, ದಾರಿಯಲ್ಲೇ ವೈದ್ಯರಿಗೆ ಫೋನ್ ಮಾಡಿ. ಅರಿಶಿನ, ಬೂದಿ, ಡೀಸೆಲ್ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಮನುಷ್ಯರು ನುಂಗುವ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ. ಅರಿವಳಿಕೆ ಕೊಡಬೇಕಾಗಬಹುದು, ಆದ್ದರಿಂದ ಹಾಲು ರೊಟ್ಟಿ ತಿನ್ನಿಸದೆ ಖಾಲಿ ಹೊಟ್ಟೆಯಲ್ಲೇ ಕರೆತನ್ನಿ.