ಅವ್ವನ ಸೀರೆ ಗಂಟು



ಮತ್ತಿಘಟ್ಟದ ಒಂದು ಸಂಘದ ಸಭೆ. ಸದಸ್ಯೆಯೊಬ್ಬರು 3,000 ರೂಪಾಯಿ ಸಾಲ ಕೇಳಿದರು. ಮಗಳು ಬಾಣಂತನಕ್ಕೆ ಬರುತ್ತಾಳೆ, ಚಳಿಗಾಲ ಬೇರೆ, ಬೈಕಿನಲ್ಲಿ ಮಾರಿಕೊಂಡು ಬರುವವನ ಹತ್ತಿರ ಬ್ಲಾಂಕೆಟ್ ತೆಗೆದುಕೊಳ್ಳಬೇಕು ಎಂದರು.

"ಮನೇಲಿ ಹೊದೆಯಲಿಕ್ಕೆ ಏನೂ ಇಲ್ವಾ?" ಎಂದು ಪಕ್ಕದ ಅಕ್ಕ ಕೇಳಿದರು.

"ಅಟ್ಟದ ಮೇಲೆ ಅವ್ವನ ಸೀರೆ ಗಂಟು ಇದೆ, ಅಷ್ಟೇ. ಹಳೇ ಬಟ್ಟೆಗೆ ಪ್ಲಾಸ್ಟಿಕ್ ಬುಟ್ಟಿ ಕೊಡುವವ ಬಂದರೆ ಕೊಟ್ಟುಬಿಡೂದು. ಇಟ್ಕಂಡು ಎಂತ ಮಾಡೂದು?"

ಅವರ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವನ ಕಿವಿಯ ಓಲೆ ಯಾರಿಗೆ ಎಂಬ ಮಾತಿಗೆ ಅಕ್ಕ-ತಂಗಿ ಇಬ್ಬರೂ ಮಾತು ಬಿಟ್ಟಿದ್ದರು. ಓಲೆಗೆ ಜಗಳ ಆಯಿತು, ಸೀರೆಯನ್ನು ಯಾರೂ ಕೇಳಲಿಲ್ಲ. ಆ ದಿನ ನಾವು ಸಾಲದ ವಿಷಯ ಬದಿಗಿಟ್ಟು ಆ ಸೀರೆ ಗಂಟಿನ ಬಗ್ಗೆ ಮಾತಾಡಿದೆವು. ಈ ತಿಂಗಳ ಪಾಠವೂ ಅದೇ.

1. ನೆನಪಿನ ವಸ್ತು ಯಾವುದು?

ತಂದೆ-ತಾಯಿ ಬಿಟ್ಟುಹೋದದ್ದು ಎಂದರೆ ನಮಗೆ ಮೊದಲು ನೆನಪಾಗುವುದು ಬಂಗಾರ, ಜಾಗ. ಅವುಗಳಲ್ಲಿ ನಮಗೆ ಹಕ್ಕಿದ್ದರೆ ಕೇಳಲೇಬೇಕು, ಅದು ಬೇರೆ ಮಾತು. ಆದರೆ ಅವರ ಕೈ ದಿನಾ ತಾಗಿದ್ದು ಯಾವುದಕ್ಕೆ? ಅಪ್ಪನ ಕಂಬಳಿ, ಕತ್ತಿಯ ಹಿಡಿ, ಬಚ್ಚಲಿನ ತಾಮ್ರದ ಹಂಡೆ, ಅವ್ವ ಉಟ್ಟು ಮೆತ್ತಗಾದ ನೂಲಿನ ಸೀರೆ. ಇವು ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣವಿದೆ. ಮಾಡಿದವರು ಹತ್ತಿರದಲ್ಲೇ ಇದ್ದರು. ಹಂಡೆ ಸೋರಿದರೆ ಬೆಸುಗೆ ಹಾಕುವವರಿದ್ದರು, ಕತ್ತಿ ಮೊಂಡಾದರೆ ಹದ ಮಾಡುವವರಿದ್ದರು. ಒಡೆದ ಪ್ಲಾಸ್ಟಿಕ್ ಬುಟ್ಟಿಯನ್ನು ನಾಳೆ ಮಗಳಿಗೆ ಅವ್ವನ ನೆನಪು ಎಂದು ಕೊಡಲು ಬರುತ್ತದೆಯೇ?

2. ಕೌದಿಯ ಪಾಠ

ಹಳೇ ಸೀರೆಯಿಂದ ಏನು ಮಾಡಬಹುದು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದರಲ್ಲಿ ಹೆಸರಾದವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಸಮುದಾಯದಲ್ಲಿ ಕ್ರೈಸ್ತರು, ಮುಸ್ಲಿಮರು, ಹಿಂದೂಗಳು ಮೂವರೂ ಇದ್ದಾರೆ, ಮೂವರ ಮನೆಯಲ್ಲೂ ಕೌದಿ ಇದೆ.

ಮನೆಮಂದಿಯ ಹಳೇ ಬಟ್ಟೆಯ ತುಂಡುಗಳನ್ನು ಒಂದು ಸೀರೆಯ ಮೇಲೆ ಇಟ್ಟು, ಒಂದು ಮೂಲೆಯಿಂದ ಶುರುಮಾಡಿ, ಅಂಚು ಸುತ್ತಿಕೊಂಡು ನಡುವಿನ ತನಕ ದಾರದ ಹೊಲಿಗೆ ಹಾಕುತ್ತಾ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫುಲಾ' ಇಡುತ್ತಾರೆ, ಅಂದರೆ ಹೂವು. ಹೊಸ ಬಟ್ಟೆ ಬೇಡ, ಯಂತ್ರ ಬೇಡ, ಬೇಕಾದದ್ದು ಸೂಜಿ, ದಾರ ಮತ್ತು ತಾಳ್ಮೆ. ಇಲ್ಲಿಯ ಕೌದಿಗಳು ಅಮೆರಿಕದ ಮ್ಯೂಸಿಯಂನಲ್ಲೂ ಪ್ರದರ್ಶನ ಕಂಡಿವೆ. ನಾವು ಬುಟ್ಟಿಗೆ ಕೊಟ್ಟುಬಿಡುವ ಬಟ್ಟೆ ಅಲ್ಲಿ ಗೋಡೆಯ ಮೇಲೆ ಗೌರವದಿಂದ ನೇತಾಡಿತು!

3. ನಾವು ಕೊಳ್ಳದಿದ್ದರೆ ಏನಾಗುತ್ತದೆ?

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮಂಥ ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. 2022ರಲ್ಲಿ ದೇಶದ ಮನೆಮನೆಯಲ್ಲೂ ಧ್ವಜ ಹಾರಿತು, ಆದರೆ ಬೆಂಗೇರಿಗೆ ಬರುವ ಬೇಡಿಕೆ ಕುಸಿಯಿತು. ಎಲ್ಲರೂ ಧ್ವಜ ಕೊಂಡ ವರ್ಷವೇ ಧ್ವಜ ಹೊಲಿಯುವವರು ಚಿಂತೆಗೆ ಬಿದ್ದರು. ದೇಶದ ಮೇಲೆ ಪ್ರೀತಿ ಇದ್ದರೆ ಸಾಲದು, ಕೊಳ್ಳುವ ವಸ್ತು ಯಾರ ಕೈಯಿಂದ ಬಂತು ಎಂದೂ ನೋಡಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಇದು ನಮ್ಮ ಜಿಲ್ಲೆಯ ಹೆಂಗಸರಿಗೆ ಹೊಸ ವಿಚಾರವೇನಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆ ಚಳವಳಿ ನಡೆಯಿತು. ತೆರಿಗೆ ಕೊಡದ ರೈತರ ಆಸ್ತಿಯನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ಮಾರಿತು. ಅದನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಸತ್ಯಾಗ್ರಹ ಕೂತರು. ಅವರ ನೆನಪಿಗೆ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ಅಗ್ಗಕ್ಕೆ ಸಿಕ್ಕಿತು ಎಂದು ಇನ್ನೊಬ್ಬರ ಮನೆ ಹಾಳಾಗುವಂತೆ ಕೊಳ್ಳಬಾರದು ಎಂದು ಅವರು ಮನೆ ಬಾಗಿಲಲ್ಲಿ ಕೂತು ಹೇಳಿದರು.

4. ನಮ್ಮ ಸಂಘದ ಲೆಕ್ಕ

ಒಂದು ಸಂಘದಲ್ಲಿ 15 ಜನ. ಪ್ರತಿಯೊಬ್ಬರೂ ತಿಂಗಳಿಗೆ 200 ರೂಪಾಯಿಯ ಸಾಮಾನನ್ನು ನಮ್ಮ ಸುತ್ತಿನವರು ಮಾಡಿದ್ದನ್ನೇ ಕೊಂಡರೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಇಲ್ಲೇ ಉಳಿಯುತ್ತದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಅಡಿಕೆ ಹಾಳೆಯ ತಟ್ಟೆ, ಬುಟ್ಟಿ, ಕಂಬಳಿ, ಹೀಗೆ ಬೇಕಾದಷ್ಟಿದೆ. ನಮ್ಮ ಹಪ್ಪಳ ಪೇಟೆಯವರು ಕೊಳ್ಳಬೇಕು ಎನ್ನುವ ನಾವು, ಪಕ್ಕದ ಸಂಘದ ಹಪ್ಪಳ ಬಿಟ್ಟು ಪೇಟೆಯ ಪ್ಯಾಕೆಟ್ ತರುವುದು ಸರಿಯೇ?

ಒಂದು ಎಚ್ಚರಿಕೆ. ನಮ್ಮವರದು ಎಂದು ಹೇಳಿ ಕಳಪೆ ಮಾಲು ಕೊಡಬಾರದು. ತೂಕ ಸರಿ ಇರಲಿ, ಎಣ್ಣೆ ಒಳ್ಳೆಯದಿರಲಿ, ತಯಾರಿಸಿದ ದಿನ ಬರೆದಿರಲಿ. ಪೇಟೆಯಲ್ಲಿ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ, ತಯಾರಕರ ಹೆಸರು, ಊರು ಓದಿ. ಕೈಮಗ್ಗದ ಬಟ್ಟೆ ಎಂದರೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಕೇಳಿ. ಬುಟ್ಟಿ ಹೆಣೆದವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ದೊಡ್ಡ ಅಂಗಡಿಯಲ್ಲಿ ನಾವು ಬಾಯಿ ಬಿಡುವುದಿಲ್ಲವಲ್ಲ!

ಈಗ ಆ ಸದಸ್ಯೆಯ ಕಥೆಗೆ ಬರೋಣ. ಅವರು ಬ್ಲಾಂಕೆಟ್ ಸಾಲ ಬಿಟ್ಟರು. ಕೌದಿ ಹೊಲಿಯಲು ಬಲ್ಲ ಅಜ್ಜಿಯೊಬ್ಬರಿಗೆ ಕೂಲಿ ಕೊಟ್ಟು ಕಲಿಯಲು ಕೂತರು. ಗಂಟು ಬಿಚ್ಚಿದಾಗ ಅವ್ವ ಇಬ್ಬರು ಹೆಣ್ಣುಮಕ್ಕಳ ಮದುವೆಗೂ ಉಟ್ಟಿದ್ದ ಹಸಿರು ಸೀರೆ ಸಿಕ್ಕಿತು. ಅದನ್ನು ಒಬ್ಬಳೇ ಕತ್ತರಿಸಲು ಅವರಿಗೆ ಮನಸ್ಸು ಬರಲಿಲ್ಲ. ತಂಗಿಗೆ ಫೋನ್ ಮಾಡಿದರು. ತಂಗಿ ಬಂದಳು. ಎರಡು ಕೌದಿಯಾಯಿತು, ಎರಡರಲ್ಲೂ ಹಸಿರು ತುಂಡಿದೆ. ಓಲೆಯ ಮಾತು ಇನ್ನೂ ಮುಗಿದಿಲ್ಲ. ಆದರೆ ಬಾಣಂತಿಗೆ ನೀರು ಹಾಕಲು ಚಿಕ್ಕಮ್ಮ ಇದ್ದಳು, ಮಗು ಅಜ್ಜಿಯ ಸೀರೆಯಲ್ಲಿ ಮಲಗಿತ್ತು.

ಸಭೆಯಲ್ಲಿ ಚರ್ಚಿಸಿ:

1. ನಿಮ್ಮ ಮನೆಯಲ್ಲಿ ತಂದೆ-ತಾಯಿಯ ಯಾವ ವಸ್ತು ಇದೆ? ಅದನ್ನು ಮಾಡಿದವರು ಯಾರು?
2. ಅಣ್ಣ-ತಮ್ಮ, ಅಕ್ಕ-ತಂಗಿಯರೊಡನೆ ಮಾತು ನಿಂತಿದ್ದರೆ, ಮೊದಲು ಫೋನ್ ಮಾಡುವವರು ಯಾರು?
3. ಕಳೆದ ತಿಂಗಳು ಕೊಂಡ ಸಾಮಾನಿನ ಪಟ್ಟಿ ಮಾಡಿ. ಅದರಲ್ಲಿ ನಮ್ಮ ತಾಲೂಕಿನಲ್ಲಿ ತಯಾರಾದದ್ದು ಎಷ್ಟು?

ಈ ತಿಂಗಳ ತೀರ್ಮಾನ: ಪ್ರತಿ ಸದಸ್ಯೆಯೂ ನಮ್ಮ ಸುತ್ತಿನವರು ಮಾಡಿದ ಒಂದಾದರೂ ವಸ್ತುವನ್ನು ಕೊಂಡು, ಮುಂದಿನ ಸಭೆಗೆ ತಂದು ತೋರಿಸುವುದು.