ಸೂತನಬ್ಬಿಗೆ ಹೊರಡುವ ಮುನ್ನ

ಕುದುರೆಮುಖದ ಕಾಡಿನೊಳಗಿನ ಸೂತನಬ್ಬಿ ಜಲಪಾತವನ್ನು ಹನುಮನಗುಂಡಿ ಎಂದೂ ಕರೆಯುತ್ತಾರೆ. ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬೀಳುವುದು ಘಟ್ಟದ ಜಡಿಮಳೆ. ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ನೀರು ಯಾವ ಕ್ಷಣದಲ್ಲಾದರೂ ಏರುತ್ತದೆ. ಆಗ ಹೋಗಲೇಬೇಡಿ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅಬ್ಬಿ ತುಂಬಿರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ಬೆಳಿಗ್ಗೆಯೇ ತಲುಪುವುದು ಒಳ್ಳೆಯದು.

ಕರಾವಳಿಯವರು ಕಾರ್ಕಳ, ಬಜಗೋಳಿ, ಮಾಳದ ಮೂಲಕ ಘಟ್ಟ ಹತ್ತಿ ಎಸ್.ಕೆ. ಬಾರ್ಡರ್ ಎಂಬ ಕೂಡುರಸ್ತೆಗೆ ಬರಬೇಕು. ಶೃಂಗೇರಿಯಿಂದ ಬರುವವರು ಕೆರೆಕಟ್ಟೆ ದಾಟಿ ಅದೇ ಕೂಡುರಸ್ತೆ ಸೇರುತ್ತಾರೆ. ಅಲ್ಲಿಂದ ಕುದುರೆಮುಖದ ಕಡೆ ತಿರುಗಿದರೆ ರಸ್ತೆಯ ಪಕ್ಕದಲ್ಲೇ ಜಲಪಾತದ ಗೇಟು. ಚಿಕ್ಕಮಗಳೂರಿನ ಕಡೆಯವರಿಗೆ ಕಳಸದ ದಾರಿ. ಪೆಟ್ರೋಲನ್ನು ಕಾರ್ಕಳ ಅಥವಾ ಕಳಸದಲ್ಲೇ ತುಂಬಿಸಿಕೊಳ್ಳಿ. ಕಾಡಿನ ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಡಿ. ಬಸ್ಸಿನಲ್ಲಿ ಬರುವವರು ಇಳಿಯುವಾಗಲೇ ವಾಪಸು ಬಸ್ಸಿನ ಹೊತ್ತನ್ನು ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಬೇಕು.

ಇದು ರಾಷ್ಟ್ರೀಯ ಉದ್ಯಾನದ ರಸ್ತೆ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರು, ಹೊತ್ತು ಬರೆದುಕೊಳ್ಳುತ್ತಾರೆ. ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು, ಬುತ್ತಿ ಬಿಚ್ಚುವುದು ಸಲ್ಲದು. ಸಿಂಗಳೀಕ ಓಡಾಡುವ ಕಾಡು ಇದು. ಮಂಗಗಳಿಗೆ ತಿಂಡಿ ಎಸೆದರೆ ಅವು ರಸ್ತೆಗಿಳಿದು ಚಕ್ರಕ್ಕೆ ಸಿಗುತ್ತವೆ. ಕುದುರೆಮುಖ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡ ಪಡೆಯಬೇಕು. ಅದು ಬೇರೆ, ಇದು ಬೇರೆ. ಅಬ್ಬಿಗೆ ಗೇಟಿನಲ್ಲೇ ಟಿಕೆಟ್ ಕೊಡುತ್ತಾರೆ.

ಗೇಟಿನಿಂದ ನೂರಾರು ಮೆಟ್ಟಿಲು ಇಳಿಯಬೇಕು. ಇಳಿಯುವಾಗ ದಣಿವು ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿ ಹಿಡಿಯುತ್ತದೆ. ಮಂಡಿನೋವಿನ ಹಿರಿಯರನ್ನು ಒತ್ತಾಯಿಸಿ ಇಳಿಸಬೇಡಿ. ಹಿಡಿತವಿರುವ ಚಪ್ಪಲಿಯೋ ಶೂಸೋ ಇರಲಿ. ಮಳೆ ಬಿಟ್ಟ ಹೊಸತರಲ್ಲಿ ಇಂಬಳದ ಕಾಟವಿದೆ. ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ; ಕಚ್ಚಿದ್ದನ್ನು ಗಾಬರಿಯಿಂದ ಕಿತ್ತೆಳೆಯದೆ ಉಪ್ಪು ಮುಟ್ಟಿಸಿದರೆ ತಾನೇ ಉದುರುತ್ತದೆ. ಕೆಳಗೆ ನೀರು ಬಂಡೆಯ ಪದರಗಳ ಮೇಲೆ ಹರಡಿ ಬೀಳುತ್ತದೆ. ಕಾಲು ನೆನೆಸುವಷ್ಟು ಸಾಕು, ಧಾರೆಯ ಅಡಿಗೆ ನುಗ್ಗಬೇಡಿ. ಸಿಬ್ಬಂದಿ ಬೇಡವೆಂದ ದಿನ ನೀರಿಗೇ ಇಳಿಯಬೇಡಿ. ಸೋಪು, ಶಾಂಪೂ, ಪ್ಲಾಸ್ಟಿಕ್ ಕೆಳಗೆ ಒಯ್ಯುವುದೇ ಬೇಡ.

ಸಮಯವಿದ್ದರೆ ಕುದುರೆಮುಖ ಊರಿನವರೆಗೂ ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಗುಡ್ಡ ಬಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಉಳಿದ ಕೆಸರು ನಿಲ್ಲುತ್ತಿದ್ದದ್ದು ಲಕ್ಯಾ ಅಣೆಕಟ್ಟೆಯಲ್ಲಿ. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೂ ಇಳಿಯುತ್ತಿತ್ತು. 1987ರಲ್ಲಿ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಗಣಿ ನಿಲ್ಲಲಿಲ್ಲ. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ವನ್ಯಜೀವಿ ಕಾರ್ಯಕರ್ತರು ಸುಪ್ರೀಂ ಕೋರ್ಟಿನವರೆಗೆ ಹೋದರು. 2002ರ ತೀರ್ಪಿನಂತೆ 2005ರ ಕೊನೆಗೆ ಯಂತ್ರಗಳು ನಿಂತವು. ಊರಿನ ಖಾಲಿ ಕ್ವಾರ್ಟರ್ಸ್‌ಗಳನ್ನೂ, ಇಲ್ಲಿ ದುಡಿದು ಹೊರಟುಹೋದ ಕುಟುಂಬಗಳನ್ನೂ ನೆನೆಯದೆ ಈ ಕಾಡು ಉಳಿದ ಕಥೆ ಪೂರ್ತಿಯಾಗುವುದಿಲ್ಲ. ಲಕ್ಯಾಗೆ ಮಾತ್ರ ಅನುಮತಿಯಿಲ್ಲದೆ ನುಸುಳಬೇಡಿ. ಮೇಲ್ನೋಟಕ್ಕೆ ಬಯಲಿನಂತೆ ಕಂಡರೂ ಅಲ್ಲಿರುವುದು ಹೂಳು.

ಮಧ್ಯಾಹ್ನದೊಳಗೆ ಮುಗಿಸಿದರೆ ಕಳಸದ ಮೂಲಕ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ ಮಾಡಬಹುದು. ಬಂದ ದಾರಿಯಲ್ಲೇ ಮರಳುವವರು ಕತ್ತಲಾಗುವ ಮೊದಲೇ ಚೆಕ್‌ಪೋಸ್ಟ್ ದಾಟಿರಬೇಕು.