ಮಗ್ಗುಲು ಬದಲಿಸಿದವರ ತಿಳಿವು

ಗುಣವಾಗದ ಕಾಯಿಲೆಯಲ್ಲಿ ನೋವನ್ನೂ ಸಂಕಟವನ್ನೂ ತಗ್ಗಿಸುವುದನ್ನೇ ಗುರಿಯಾಗಿ ಇಟ್ಟುಕೊಂಡ ಚಿಕಿತ್ಸಾಕ್ರಮಕ್ಕೆ ಉಪಶಾಮಕ ಆರೈಕೆ ಎಂದು ಹೆಸರು. ಅದರ ಬಹುಪಾಲು ತಿಳಿವಳಿಕೆ ಬಂದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ ದುಡಿದವರ ಅನುಭವದಿಂದ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದು ಈ ಕ್ರಮಕ್ಕೆ ಆಧುನಿಕ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ನರ್ಸ್ ಆಗಿದ್ದವರು. ದೇಹದ ನೋವು, ಮನಸ್ಸಿನ ಕಳವಳ, ಮನೆಮಂದಿಯ ಚಿಂತೆ, ಬದುಕಿನ ಅರ್ಥದ ಬಗೆಗಿನ ತೊಳಲಾಟ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿರುವ ಸ್ಥಿತಿಯನ್ನು ಅವರು ‘ಸಮಗ್ರ ನೋವು’ ಎಂದು ಗುರುತಿಸಿದ್ದು ರೋಗಿಗಳ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟ ಮೇಲೆಯೇ.

ಈ ಬಗೆಯ ಅನುಭವದ ತೂಕ ಭಾರತದ ನ್ಯಾಯಾಲಯದ ಮುಂದೆ ಬಂದದ್ದು ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಆಕ್ರಮಣ ನಡೆಸಿದಾಗ ಮಿದುಳಿಗೆ ಆಮ್ಲಜನಕ ಸಾಗದೆ ಹೋಯಿತು. ಅಲ್ಲಿಂದ ಮುಂದೆ, 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದಲ್ಲೇ ಉಳಿದರು. ಅವರು ಆರೋಗ್ಯವಾಗಿದ್ದುದನ್ನು ಕಣ್ಣಾರೆ ಕಾಣದ ಹೊಸ ತಲೆಮಾರಿನ ನರ್ಸ್‌ಗಳೂ ಸರದಿಯಂತೆ ಬಂದು ಅರೆದ ಅನ್ನ ತಿನ್ನಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ಅಷ್ಟು ದೀರ್ಘಕಾಲ ಹಾಸಿಗೆ ಹಿಡಿದವರ ಮೈಮೇಲೆ ಹಾಸಿಗೆ ಹುಣ್ಣು ಇಲ್ಲವೆಂಬುದನ್ನು ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿಯೇ ಮೆಚ್ಚಿ ದಾಖಲಿಸಿತು.

ಈ ಸಂಗತಿಯ ಹಿಂದಿನ ಶ್ರಮವನ್ನು ವಾರ್ಡಿನಲ್ಲಿ ದುಡಿದವರೇ ಸರಿಯಾಗಿ ಅಳೆಯಬಲ್ಲರು. ಒಂದೇ ಮಗ್ಗುಲಲ್ಲಿ ಹೆಚ್ಚು ಹೊತ್ತು ಮಲಗಿದಾಗ ಸೊಂಟದ ಹಿಂಭಾಗ, ಹಿಮ್ಮಡಿ, ಭುಜದ ಮೂಳೆಗಳು ಚರ್ಮವನ್ನು ಒತ್ತಿ ಅಲ್ಲಿನ ರಕ್ತಸಂಚಾರ ನಿಂತು ಮಾಂಸ ಕೊಳೆಯತೊಡಗುವುದೇ ಹಾಸಿಗೆ ಹುಣ್ಣು; ಒದ್ದೆ ಬಟ್ಟೆ, ಸುಕ್ಕಾದ ಹೊದಿಕೆ, ಕಡಿಮೆ ಆಹಾರ ಅದನ್ನು ಬೇಗ ತರುತ್ತವೆ. ಹಗಲಿರುಳೆನ್ನದೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾರ್ಡುಗಳಲ್ಲಿ ರೂಢಿಯಲ್ಲಿರುವ ಕ್ರಮ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಎಚ್ಚರವಿದ್ದೂ ಹೊರಳಲಾಗದ ರೋಗಿಗೆ ಆ ಕ್ಷಣದ ನೋವು ಗಾಯದ ನೋವಿಗಿಂತ ಭಯಂಕರವೆನಿಸಬಹುದು. ಆದುದರಿಂದ ನುರಿತ ನರ್ಸ್ ಮುಟ್ಟುವ ಮೊದಲು ಏನು ಮಾಡಲಿದ್ದೇನೆಂದು ಹೇಳುತ್ತಾಳೆ, ನೋವಿನ ಔಷಧ ಕೆಲಸಕ್ಕೆ ಬರುವವರೆಗೆ ಕಾಯುತ್ತಾಳೆ, ಪ್ರಜ್ಞೆ ಇಲ್ಲದವರೊಡನೆಯೂ ಹೆಸರು ಹಿಡಿದು ಮಾತನಾಡುತ್ತಾಳೆ.

ಕೊನೆಯ ದಿನಗಳಲ್ಲಿ ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ರೋಗಿ ಊಟ ಬಿಟ್ಟದ್ದು. ಹಸಿದು ಸಾಯುತ್ತಿದ್ದಾರೆಂಬ ಅಳಲಿನಿಂದ ಬಾಯಿಗೆ ಒತ್ತಾಯದಿಂದ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟಿಸಬಹುದು; ದೇಹ ಮುಚ್ಚಿಕೊಳ್ಳುತ್ತಿರುವಾಗ ಹಸಿವು ತಾನಾಗಿ ಅಡಗುತ್ತದೆ, ಉಳಿಯುವುದು ಬಾಯಿ ಒಣಗುವ ಸಂಕಟ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ತೇವಗೊಳಿಸುವುದನ್ನು ಮಗನಿಗೋ ಸೊಸೆಗೋ ಕಲಿಸಿಕೊಟ್ಟರೆ ರೋಗಿಗೂ ಹಿತ, ಏನನ್ನೂ ಮಾಡಲಾಗದೆ ಕೈಕಟ್ಟಿ ಕುಳಿತವರಿಗೂ ಸಮಾಧಾನ. ಮಾರ್ಫಿನ್ ಬಗೆಗಿನ ಭಯವೂ ಇಂಥದೇ: ತೀವ್ರ ನೋವಿಗೆ ಅಳೆದು ಕೊಟ್ಟ ಈ ಔಷಧವೇ ಸಾವನ್ನು ತರುತ್ತದೆಂಬ ನಂಬಿಕೆಯಿಂದ ಎಷ್ಟೋ ಮಂದಿ ನರಳುತ್ತಲೇ ಹೋಗಿದ್ದಾರೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ ಅದರ ಪೂರೈಕೆಯ ಅಡಚಣೆಗಳನ್ನು ಸಡಿಲಿಸಿತಾದರೂ ಭಯವನ್ನು ಸಡಿಲಿಸುವ ಕೆಲಸ ಇಂದಿಗೂ ಬಹುಮಟ್ಟಿಗೆ ನರ್ಸ್‌ಗಳ ಪಾಲಿಗೇ ಬಂದಿದೆ.

ಅರುಣಾ ಅವರ ಆಹಾರವನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿದಾಗ, ಅರುಣಾ ಪರವಾಗಿ ನಿರ್ಧರಿಸಲು ಅರ್ಹರು ಆಸ್ಪತ್ರೆಯ ಸಿಬ್ಬಂದಿಯೇ ಎಂದು ಒಪ್ಪಿಕೊಂಡಿತು. ಅಂದಿನ ಸ್ಥಿತಿಯಲ್ಲಿ ಅದು ನ್ಯಾಯವಾದ ಮಾತು. ಆದರೆ ಅರುಣಾ ಅವರಿಗೆ ಏನು ಬೇಕಿತ್ತು ಎಂಬ ಪ್ರಶ್ನೆಗೆ ಎಂಥ ಅಕ್ಕರೆಯ ಆರೈಕೆಯೂ ಉತ್ತರವಾಗಲಾರದು. ಆ ಕೊರತೆಯನ್ನು ತುಂಬಿದ್ದು ಅದೇ ಕೋರ್ಟಿನ 2018ರ ಮಾರ್ಚ್ 9ರ ತೀರ್ಪು. ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಮುಂದೆ ಯಾವ ಚಿಕಿತ್ಸೆ ಬೇಡವೆಂದು ವ್ಯಕ್ತಿ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಅದು ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನ ಸರಳಗೊಂಡು ಇಬ್ಬರು ಸಾಕ್ಷಿಗಳ ಜತೆಗೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕೆಂದಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಈ ವಿಧಾನದಂತೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ ನಿರ್ಧರಿಸುವ ಎರಡು ವೈದ್ಯಕೀಯ ಮಂಡಳಿಗಳಲ್ಲಿ ಚಿಕಿತ್ಸೆ ನೀಡುವ ವೈದ್ಯರು, ತಜ್ಞರು, ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸುವ ವೈದ್ಯರು ಇರುತ್ತಾರೆ. ರಾತ್ರಿಯೆಲ್ಲ ಪಕ್ಕದಲ್ಲಿದ್ದು ರೋಗಿಯ ಮುಖದ ಸಣ್ಣ ಬದಲಾವಣೆಯನ್ನೂ ಗುರುತಿಸಿದ ನರ್ಸ್‌ಗೆ ಅಲ್ಲಿ ನಿಗದಿಯಾದ ಸ್ಥಾನವಿಲ್ಲ. ನಿಯಮ ಬದಲಾಗುವವರೆಗೆ ಕಾಯದೆ, ಆಕೆಯ ದಾಖಲೆಯನ್ನು ಓದಿ, ಆಕೆಯ ಮಾತನ್ನು ಕೇಳಿದ ನಂತರವೇ ಸಹಿ ಹಾಕುವ ಪದ್ಧತಿಯನ್ನು ಪ್ರತಿ ಆಸ್ಪತ್ರೆಯೂ ಇಂದೇ ರೂಢಿಸಿಕೊಳ್ಳಬೇಕು.